ಬೇಗ ಗುಣವಾಗಿ

ಗಲ್ಲಾಪೆಟ್ಟಿಗೆಯ ಬೀಗ ಮುರಿದದ್ದು ಮಾರ್ಚಿಯಲ್ಲಿ.
ಅಲ್ಲಿಂದೀಚೆಗೆ ಬಿಸ್ಕತ್ತಿನ ಡಬ್ಬಿಯೇ ನನ್ನ ಖಜಾನೆ,
ಮುಚ್ಚಳದ ಮೇಲೆ ಎರಡು ಬೆಕ್ಕಿನ ಮರಿ.
ತೆರಿಗೆಯವಳು ಬಂದಳು, ಮರಿಗಳನ್ನು ನೋಡಿದಳು:
"ಜೂಜೂನಾ, ಈ ತಿಂಗಳು ನಾನೇನೂ ಕಾಣಲಿಲ್ಲ,
ಮುಂದಿನ ತಿಂಗಳು ರಸೀತಿ ಕಾಣಬೇಕು."
ಒಂದು ಲೋಟ ಸೂರ್ಯಕಾಂತಿ ಬೀಜ ಕಟ್ಟಿಸಿಕೊಂಡು
ಚಿಲ್ಲರೆಗೆ ನಿಲ್ಲದೆ ಹೋದಳು.

ತಂಗಿಯ ಮಗ ಗೋಚಾನಿಗೆ ಎಲ್ಲ ಗೊತ್ತು.
"ಟ್ಯಾಬ್ಲೆಟ್ ತಗೋ ದೊಡ್ಡಮ್ಮ,
ಬೆರಳಿಟ್ಟರೆ ಸಾಕು, ಲೆಕ್ಕವೆಲ್ಲ ಮೋಡದಲ್ಲಿ ಕೂರುತ್ತೆ,
ತಿಂಗಳಿಗೆ ಬರೀ ಅರವತ್ತು ಲರಿ."
ಮೋಡಕ್ಕೂ ಬಾಡಿಗೆಯೇನೋ?
ಈ ಕುತಾಯಿಸಿಯಲ್ಲಿ, ರಿಯೋನಿ ನದಿಯ ದಂಡೆಯಲ್ಲಿ,
ಐದಂತಸ್ತಿನ ಕಟ್ಟಡದ ಮೆಟ್ಟಿಲಡಿಯ ನನ್ನ ಅಂಗಡಿಯಲ್ಲಿ,
ಪುಕ್ಕಟೆ ಸಿಗುವುದು ಅದೊಂದೇ ಅಂದುಕೊಂಡಿದ್ದೆ.

ದೊಡ್ಡ ಬೀದಿಯ ಹುಡುಗ ಕೆಂಪುಗಣ್ಣಿನ ಸ್ಕ್ಯಾನರ್ ತೋರಿಸಿದ.
ಸೋಪು ಹಿಡಿದೆ, ಕೂಗಿತು.
ಬೆಂಕಿಪೊಟ್ಟಣ ಹಿಡಿದೆ, ಕೂಗಿತು.
ಚೀಲದಿಂದ ಸುಲುಗುನಿ ಗಿಣ್ಣಿನ ಬಿಲ್ಲೆ ತೆಗೆದು ಹಿಡಿದೆ,
ಹಳ್ಳಿಯಿಂದ ದೋದೋ ತರುವುದು, ಒದ್ದೆ ಬಟ್ಟೆಯಲ್ಲಿ ಸುತ್ತಿ.
ಕಣ್ಣು ಮಿಟುಕಿಸಿತು, ಮಾತಿಲ್ಲ.
"ಇದಕ್ಕೆ ಪಟ್ಟೆ ಇಲ್ಲವಲ್ಲ ಅಮ್ಮ."
ಹಸುವಿಗೂ ಇರಲಿಲ್ಲ ಮಗಾ.
ಒಂಬೈನೂರು ಲರಿ ಅಂದ.
ನನಗೆ ಕೇಳಿಸಿದ್ದು: ಒಂದು ಚಳಿಗಾಲದ ಸೌದೆ.

ಕಡೆಗೆ ಸಂತೆಯ ಹಿಂದೆ ಜೆಮಾಲನ ತಗಡಿನ ಕೊಟ್ಟಿಗೆ.
ಮುಚ್ಚಿದ ಅಂಗಡಿಗಳೆಲ್ಲ ಅಲ್ಲಿ ಬಂದು ಮಲಗುತ್ತವೆ.
ಕಟುಕನ ತಕ್ಕಡಿ, ಇನ್ನೂ ಎರಡು ಗ್ರಾಂ ಹೆಚ್ಚು ತೋರಿಸುತ್ತ,
ಐಸ್‌ಕ್ರೀಮಿನವನ ಯಂತ್ರ, ಸೊನ್ನೆಯ ಗುಂಡಿ ಅಂಟಂಟು.
ನಾನು ಕೇಳಿದ್ದು ನಾಲ್ಕೇ ಮಾತು.
ಕರೆಂಟು ಹೋದರೆ ಡ್ರಾಯರು ತೆರೆಯುತ್ತದೆಯೇ?
ಇದರ ಕಾಗದದ ಸುರುಳಿ ಈ ಊರಲ್ಲೇ ಸಿಗುತ್ತದೆಯೇ?
ಕನ್ನಡಕವಿಲ್ಲದೆ ಅಂಕಿ ಕಾಣುತ್ತದೆಯೇ?
ಉದ್ರಿಗೆ ಯಾವ ಗುಂಡಿ?
ಮೂರಕ್ಕೆ ಹೂಂ ಅಂದ. ನಾಲ್ಕನೆಯದಕ್ಕೆ ನಕ್ಕ, ನಕ್ಕ,
ಕೆಮ್ಮು ಬರುವವರೆಗೂ ನಕ್ಕ.
"ಅದಕ್ಕೆ ನಿನ್ನ ನೋಟುಬುಕ್ಕು ಇದೆಯಲ್ಲ,
ಯಂತ್ರಕ್ಕೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು?"

ನೂರೈವತ್ತು ಅಂದ, ನೂರು ಅಂದೆ,
ನೂರಿಪ್ಪತ್ತಕ್ಕೆ ಮತ್ತು ಒಂದು ಬಾಟಲಿ ವೈನಿಗೆ ಮುಗಿಯಿತು.
ಇಳಿಜಾರಿನ ಔಷಧಿ ಅಂಗಡಿಯದಂತೆ, ಬಾಗಿಲು ಹಾಕಿ ವರ್ಷವಾಯಿತು.
ಡ್ರಾಯರು ತಾನಾಗಿ ಮುಚ್ಚುವುದಿಲ್ಲ, ಮೊಣಕಾಲಲ್ಲಿ ದೂಡಬೇಕು.
ಅಷ್ಟೇ ಊನ ಅಂದಿದ್ದ.

ಮೊದಲ ರಸೀತಿ ಹರಿದು ನೋಡಿದರೆ,
ಬ್ರೆಡ್ಡು, ಉಪ್ಪು, ಮೊತ್ತ, ತಾರೀಖು,
ಅದರ ಕೆಳಗೆ, ಯಾರೂ ಕೇಳದೆ:
*ಬೇಗ ಗುಣವಾಗಿ.*
ಅಳಿಸಲು ತಿಬಿಲಿಸಿಯಿಂದ ಎಂಜಿನಿಯರು ಬರಬೇಕಂತೆ,
ನಲವತ್ತು ಲರಿ.
ಇರಲಿ ಬಿಡು ಅಂದೆ.

ವೋಡ್ಕಾ ಕೊಂಡ ಹುಡುಗರು ಓದಿ ಬಿದ್ದು ಬಿದ್ದು ನಕ್ಕರು.
ಮೇಲ್ಮನೆಯ ಮಗು ಅದನ್ನು ತನ್ನ
ಗಾಲಿ ಕಳಚಿದ ಸೈಕಲ್ಲಿಗೆ ಅಂಟಿಸಿತು.
ಸಿಗರೇಟಿನವರು ಮಾತ್ರ ಒಮ್ಮೆ ತಿರುಗಿ ನೋಡುತ್ತಾರೆ.

ನಿನ್ನೆ ಸಂಜೆ ಎಲ್ಗುಜಾ,
ಮೂವತ್ತು ವರ್ಷ ಟ್ರಾಲಿಬಸ್ಸು ಓಡಿಸಿದವನು,
ಒಂದು ಬ್ರೆಡ್ಡು ಕೊಂಡು ಹೊರಟ.
ಬಾಗಿಲ ಬಲ್ಬಿನ ಕೆಳಗೆ ನಿಂತು ರಸೀತಿ ಓದಿದ.
ಮತ್ತೆ ಓದಿದ. ವಾಪಸು ಬಂದ.
ದನಿ ತಗ್ಗಿಸಿ ಕೇಳಿದ:
"ನಿನಗೆ ಯಾರು ಹೇಳಿದರು?"

ಜೆಮಾಲ್, ಔಷಧಿ ಅಂಗಡಿ, ನಲವತ್ತು ಲರಿ
ಎಲ್ಲ ನಾಲಿಗೆ ತುದಿಗೆ ಬಂದು ನಿಂತವು.
"ಬಿಸಿ ಆರುವ ಮೊದಲು ತಿನ್ನು" ಅಂದೆ.
ಅವನು ಚೀಟಿಯನ್ನು ನಾಲ್ಕಾಗಿ ಮಡಚಿ
ಟೋಪಿಯೊಳಗೆ ಇಟ್ಟುಕೊಂಡ.

ಡ್ರಾಯರು ಇನ್ನೂ ತೆರೆದೇ ಇತ್ತು.
ದೂಡಿದೆ, ಮೊಣಕಾಲಲ್ಲಿ.